ಡಯಾಲಿಸಿಸ್ ಆಗುತ್ತಿರುವ ತಂದೆಗೆ ಮೂಳೆ ನೋವು, ಮೈ ತುರಿಕೆ ಏಕೆ?

ಹಾಸನದಲ್ಲಿ ಡಯಾಲಿಸಿಸ್ ಮಾಡಿಸುತ್ತಿದ್ದೀರಿ, ಆದರೂ ನೋವೇಕೆ ಎಂದಿದ್ದೀರಿ. ಹೆಚ್ಚಾಗಿ ಇದು ರಂಜಕದ (ಫಾಸ್ಫರಸ್) ಕಾಟ. ಕಿಡ್ನಿ ಕೈಕೊಟ್ಟಾಗ ರಕ್ತದಲ್ಲಿ ರಂಜಕ ಏರುತ್ತದೆ, ವಿಟಮಿನ್ ಡಿ ಸಕ್ರಿಯವಾಗುವುದಿಲ್ಲ. ಆಗ ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಹಾರ್ಮೋನನ್ನು ಅತಿಯಾಗಿ ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತವೆ.

4 ಗಂಟೆಯ ಒಂದು ಡಯಾಲಿಸಿಸ್ ತೆಗೆಯುವ ರಂಜಕ ಸುಮಾರು 800 ಮಿ.ಗ್ರಾಂ, ಊಟದಿಂದ ಪ್ರತಿದಿನವೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅದಕ್ಕೇ ಸೆವೆಲಮರ್ ಅಥವಾ ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ ಕೊಡುವುದು. ಮುದ್ದೆ ಮುರಿಯುವ ಹೊತ್ತಿಗೇ ನುಂಗಬೇಕು. ಮಾತ್ರೆ ಆಹಾರದ ರಂಜಕವನ್ನು ಕರುಳಲ್ಲೇ ಹಿಡಿಯುತ್ತದೆ. ಬರಿಹೊಟ್ಟೆಗೆ ನುಂಗಿದರೆ ಆ ಕೆಲಸ ಆಗದು. ಕೋಲಾ ಪೂರ್ತಿ ಬಿಡಿಸಿ, ಅದರ ರಂಜಕ ಬೇಳೆಕಾಳಿನದಕ್ಕಿಂತ ಬೇಗ ರಕ್ತಕ್ಕೆ ಸೇರುತ್ತದೆ.

ವೈದ್ಯರನ್ನು ಕೇಳದೆ ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ತಂದು ಕೊಡಲೇಬೇಡಿ. ಹೆಚ್ಚಾದದ್ದು ರಕ್ತನಾಳದ ಗೋಡೆಗೆ ಕಟ್ಟಿಕೊಳ್ಳುತ್ತದೆ. ಪಿಟಿಎಚ್ ಪರೀಕ್ಷೆ ಯಾವಾಗ ಆಯಿತೆಂದು ಈ ವಾರವೇ ಕೇಳಿ.