ಕನ್ನಡ ಅಷ್ಟಾಗಿ ಬಾರದ ತಾಂಡಾ ಮಕ್ಕಳಿಗೆ ಹೊಸ ಶಿಕ್ಷಕರು ಹೇಗೆ ಕಲಿಸಬೇಕು?

ನಾನು ಧಾರವಾಡದಲ್ಲಿ ಶಿಕ್ಷಕ ತರಬೇತಿಯಲ್ಲಿದ್ದೇನೆ. ಮುಂದೆ ಗದಗ ಜಿಲ್ಲೆಯ ಸರ್ಕಾರಿ ಶಾಲೆಯಲ್ಲೇ ಪಾಠ ಮಾಡುವ ಆಸೆ. ಅಲ್ಲಿ ಗಜೇಂದ್ರಗಡ, ಮುಂಡರಗಿ ಕಡೆ ಲಂಬಾಣಿ ತಾಂಡಾಗಳಿವೆ. ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಒಂದನೇ ತರಗತಿಯಲ್ಲೇ ಕನ್ನಡ ಪುಸ್ತಕ ಎದುರಾಗುತ್ತದೆ. ಸುಮ್ನೆ ಕೂತಿತು ಅಂತ ಅದನ್ನು ದಡ್ಡ ಅನ್ನುವುದು ಅನ್ಯಾಯ ಅಲ್ವಾ? ಅದಕ್ಕೆ ಲೆಕ್ಕ ಗೊತ್ತಿರುತ್ತದೆ, ಕನ್ನಡದಲ್ಲಿ ಹೇಳಲು ಬರುವುದಿಲ್ಲ ಅಷ್ಟೇ.

ಮೊದಮೊದಲು ಮಗು ಲಂಬಾಣಿಯಲ್ಲೇ ಉತ್ತರಿಸಲಿ. ಎರಡೂ ಭಾಷೆ ಬಲ್ಲ ಸಹಪಾಠಿ ಅದನ್ನು ಕನ್ನಡದಲ್ಲಿ ಹೇಳಲಿ. ಲಂಬಾಣಿಗೆ ಸ್ವಂತ ಲಿಪಿ ಇಲ್ಲ. ಹಾಗಾಗಿ ಮಗುವಿನ ಮಾತನ್ನು ಕನ್ನಡ ಅಕ್ಷರದಲ್ಲೇ ಬೋರ್ಡ್ ಮೇಲೆ ಬರೆಯಬಹುದು. ತನ್ನ ಮನೆಯ ಮಾತಿನಿಂದಲೇ ಅದು ಅಕ್ಷರ ಕಲಿಯುತ್ತದೆ. ಸಾಧ್ಯವಾದಷ್ಟೂ ಮಾತೃಭಾಷೆಯಲ್ಲೇ ಕಲಿಸಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. 



ಇನ್ನೊಂದು ಮಾತು. ಅಪ್ಪ ಅಮ್ಮ ಗೋವಾ ಕಡೆ ದುಡಿಯಲು ಹೋದರೆ ಮಗುವೂ ಹೋಗುತ್ತದೆ. ಮರಳಿ ಬಂದಾಗ ಹಾಜರಿ ಕೇಳಿ ಬೈಯಬಾರದು. ನಲಿ-ಕಲಿ (ಚಟುವಟಿಕೆಗಳ ಮೂಲಕ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯುವ ಪದ್ಧತಿ) ತರಗತಿಯಾದರೆ ಬಿಟ್ಟ ಮೈಲಿಗಲ್ಲಿನಿಂದಲೇ, ಅಂದರೆ ಕಲಿಕೆ ನಿಂತ ಹಂತದಿಂದಲೇ, ಕಲಿಕೆ ಮುಂದುವರಿಸಬಹುದು.