ನೀರೂ ಎದೆಯಲ್ಲೇ ನಿಲ್ಲುತ್ತದೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟರೇ, ನನ್ನ ತಂದೆಗೆ 79 ವರ್ಷ. ಎಂಟು ತಿಂಗಳಿಂದ ನುಂಗಿದ್ದೆಲ್ಲ ಎದೆಯಲ್ಲೇ ನಿಲ್ಲುತ್ತದೆ ಅಂತಾರೆ. ಗಟ್ಟಿ ಪದಾರ್ಥ ಅಷ್ಟೇ ಅಲ್ಲ, ನೀರೂ ಕೂಡ. ನಾಲ್ಕು ತುತ್ತು ತಿಂದ ಮೇಲೆ ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೇಲೆತ್ತುತ್ತಾರೆ. ಆಗ ಇಳಿಯುತ್ತದಂತೆ. ಬೆಳಿಗ್ಗೆ ನೋಡಿದರೆ ದಿಂಬು ಒದ್ದೆ. ರಾತ್ರಿ ತಿಂದದ್ದು ಹಾಗೇ ವಾಪಸ್ ಬಂದಿರುತ್ತದೆ. 9 ಕೆ.ಜಿ. ಇಳಿದಿದ್ದಾರೆ. ಬೇರಿಯಂ ದ್ರವ ಕುಡಿಸಿ ತೆಗೆದ ಎಕ್ಸ್‌ರೇ ನೋಡಿ 'ಅಕಲೇಸಿಯಾ' ಅಂದರು. ಎಂಡೋಸ್ಕೋಪಿಯಲ್ಲೇ 'ಪೋಯೆಮ್' ಮಾಡೋಣ ಅಂತಿದ್ದಾರೆ. ಅಣ್ಣ ಮಾತ್ರ 'ಈ ವಯಸ್ಸಲ್ಲಿ ಅದೆಲ್ಲ ಯಾಕೆ, ಬೊಟಾಕ್ಸ್ ಇಂಜೆಕ್ಷನ್ ಸಾಕು' ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಅಣ್ಣನ ಮಾತಿಗೆ ಆಮೇಲೆ ಬರೋಣ. ನಿಮ್ಮ ಪತ್ರದಲ್ಲಿ ನಾನು ಮೊದಲು ಹುಡುಕಿದ ಸಾಲೇ ಇಲ್ಲ. ಎಂಡೋಸ್ಕೋಪಿ ಹಾಕಿ ಒಳಗೆ ನೋಡಿದ್ದಾರಾ? ಅಕಲೇಸಿಯಾದವರು ಸಾಮಾನ್ಯವಾಗಿ ವರ್ಷಗಟ್ಟಲೆ ಒದ್ದಾಡಿ ನಮ್ಮ ಹತ್ತಿರ ಬರುತ್ತಾರೆ. ಇಷ್ಟು ವಯಸ್ಸಾದವರಿಗೆ ಎಂಟೇ ತಿಂಗಳಲ್ಲಿ 9 ಕೆ.ಜಿ. ಇಳಿದಿದೆ ಅಂದರೆ ನನಗೆ ಸ್ವಲ್ಪ ಅನುಮಾನ. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಗಡ್ಡೆ ಇದ್ದರೂ ಬೇರಿಯಂ ಎಕ್ಸ್‌ರೇಯಲ್ಲಿ ಅಕಲೇಸಿಯಾದಲ್ಲಿ ಕಾಣುವಂಥದ್ದೇ, ತುದಿ ಹಕ್ಕಿಕೊಕ್ಕಿನಂತೆ ಚೂಪಾದ ಚಿತ್ರ ಬರಬಹುದು. ಹೆದರಿಸುತ್ತಿಲ್ಲ. ಎಂಡೋಸ್ಕೋಪಿ ಆಗಿರಲಿ, ಬೇಕಿದ್ದರೆ ಸಿ.ಟಿ. ಸ್ಕ್ಯಾನ್ ಕೂಡ. ಜೊತೆಗೆ ಅನ್ನನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿ. ಇವು ಮುಗಿಯುವ ತನಕ ಯಾವುದಕ್ಕೂ ಒಪ್ಪಬೇಡಿ.

ಅಕಲೇಸಿಯಾ ಅಂತಲೇ ಖಾತ್ರಿಯಾಯಿತು ಅಂದುಕೊಳ್ಳೋಣ. ಅನ್ನನಾಳದ ತುದಿಯಲ್ಲಿ ಬಿಗಿಯಾದ ಒಂದು ಸ್ನಾಯು ಇದೆ. ನುಂಗಿದಾಗ ಅದು ಸಡಿಲ ಆಗಬೇಕು. ಸಡಿಲಿಸುವ ನರಕೋಶಗಳು ನಶಿಸಿರುವುದರಿಂದ ಬಾಗಿಲು ಮುಚ್ಚೇ ಇರುತ್ತದೆ. ನಿಮ್ಮ ತಂದೆ ಕೈ ಮೇಲೆತ್ತುವುದು ಆ ಬಾಗಿಲನ್ನು ತಳ್ಳುವ ಉಪಾಯವೇ. ಯಾರೂ ಹೇಳಿಕೊಡದಿದ್ದರೂ ಎಷ್ಟೋ ಜನ ಇದನ್ನು ತಾವಾಗಿಯೇ ಕಂಡುಕೊಂಡಿರುತ್ತಾರೆ.

ಪೋಯೆಮ್ ಅಂದರೆ ಕವಿತೆ ಅಲ್ಲ, ಆ ಸ್ನಾಯು ಕತ್ತರಿಸುವ ವಿಧಾನದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು. ಜಪಾನಿನ ಹರುಹಿರೊ ಇನೋಯೆ 2008ರಲ್ಲಿ ಮೊದಲು ರೋಗಿಗಳಿಗೆ ಮಾಡಿದರು. ಪೂರ್ತಿ ಅರಿವಳಿಕೆ ಕೊಟ್ಟು ಬಾಯಿಂದ ಎಂಡೋಸ್ಕೋಪ್ ಇಳಿಸುತ್ತೇವೆ. ಒಳಪದರದಲ್ಲಿ ಸುಮಾರು 2 ಸೆಂ.ಮೀ. ಸೀಳು. ಅಲ್ಲಿಂದ ಒಳಪದರಕ್ಕೂ ಸ್ನಾಯುವಿಗೂ ನಡುವೆ ಸುರಂಗ ಕೊರೆದುಕೊಂಡು ಹೊಟ್ಟೆಯ ಆರಂಭದವರೆಗೆ ಹೋಗುತ್ತೇವೆ. ಬಿಗಿ ಸ್ನಾಯುವನ್ನು ಕತ್ತರಿಸಿ, ವಾಪಸ್ ಬರುವಾಗ ಸುರಂಗದ ಬಾಯಿಗೆ ಕ್ಲಿಪ್ ಹಾಕಿ ಮುಚ್ಚುತ್ತೇವೆ. ಹೊರಗೆ ಒಂದು ಗಾಯವೂ ಇಲ್ಲ. ಕ್ಲಿಪ್ ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ.

ಅಣ್ಣ ಹೇಳುವ ಬೊಟಾಕ್ಸ್ ಸುಳ್ಳಲ್ಲ, ಅದು ಸ್ನಾಯು ಸಡಿಲಿಸುವ ಔಷಧ. ಸಾಮಾನ್ಯವಾಗಿ 100 ಯೂನಿಟ್, ಸ್ನಾಯುವಿನ ನಾಲ್ಕು ಕಡೆ ಚುಚ್ಚುತ್ತೇವೆ, ಕೆಲವೇ ನಿಮಿಷದ ಕೆಲಸ. ಆದರೆ ಆರು ತಿಂಗಳಿಂದ ವರ್ಷದೊಳಗೆ ಅದರ ಪ್ರಭಾವ ಇಳಿಯುತ್ತದೆ. ಮತ್ತೆ ಮತ್ತೆ ಚುಚ್ಚಿದರೆ ಆ ಜಾಗ ಗಡುಸಾಗಿ, ಮುಂದೆ ಪೋಯೆಮ್ ಮಾಡುವುದೇ ಕಷ್ಟ ಆಗಬಹುದು. ಹೃದಯ, ಶ್ವಾಸಕೋಶ ಅರಿವಳಿಕೆ ತಡೆಯುವುದಿಲ್ಲ ಅನ್ನುವವರಿಗೆ ನಾನೇ ಬೊಟಾಕ್ಸ್ ಕೊಡುತ್ತೇನೆ. 79 ವರ್ಷ ಅನ್ನುವ ಒಂದೇ ಕಾರಣಕ್ಕೆ ಕೊಡುವುದಿಲ್ಲ. ಬಲೂನ್ ಹಾಕಿ ಹಿಗ್ಗಿಸುವ ದಾರಿಯೂ ಇದೆ, ಆದರೆ ಕೆಲವರಿಗೆ ಮತ್ತೆ ಮಾಡಬೇಕಾಗುತ್ತದೆ. ಅನ್ನನಾಳ ಹರಿಯುವ ಅಪಾಯವೂ ನೂರರಲ್ಲಿ ಒಂದೆರಡು ಜನಕ್ಕೆ ಇರುತ್ತದೆ.

ಪೋಯೆಮ್ ಆದವರಲ್ಲಿ ಎದೆಯುರಿ, ಆಸಿಡ್ ಮೇಲೆ ಬರುವುದು ಜಾಸ್ತಿ. ಮಾತ್ರೆ ಬಹಳ ಕಾಲ ಬೇಕಾಗಬಹುದು. ಇನ್ನೊಂದು, ಬಾಗಿಲು ತೆರೆಯುತ್ತದೆಯೇ ಹೊರತು ಅನ್ನನಾಳಕ್ಕೆ ತಳ್ಳುವ ಶಕ್ತಿ ವಾಪಸ್ ಬರುವುದಿಲ್ಲ. ಕೂತೇ ತಿನ್ನಬೇಕು, ತಿಂದ ಕೂಡಲೇ ಮಲಗಬಾರದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಸುಮ್ನೆ ನೀವೇ ನಿಲ್ಲಿಸಬೇಡಿ.

ನನ್ನ ರೋಗಿಯೊಬ್ಬರಿಗೆ 84. ಪೋಯೆಮ್ ಆದ ಮರುದಿನ ಎಕ್ಸ್‌ರೇ ಸರಿ ಇದೆ ಅಂತ ನೀರು ಕೊಟ್ಟೆ. ಒಂದು ಗುಟುಕು ಕುಡಿದು, ಎದೆ ಮೇಲೆ ಕೈ ಇಟ್ಟು ಕಾಯುತ್ತಾ ಕೂತರು. ಏನು ಅಂದೆ. 'ಇನ್ನೂ ನಿಂತಿಲ್ಲವಲ್ಲ' ಅಂದರು.

ಪ್ರಶ್ನೆ: ಪಾರ್ಶ್ವವಾಯು ಆದ ಮೇಲೆ ಅಮ್ಮನಿಗೆ ನೀರು ಕುಡಿದ ತಕ್ಷಣ ಕೆಮ್ಮು. ಎಂಡೋಸ್ಕೋಪಿಯಲ್ಲಿ ಸರಿ ಹೋಗುತ್ತಾ?

ಉತ್ತರ: ಇಲ್ಲ. ಇದು ಎದೆಯ ತೊಂದರೆ ಅಲ್ಲ, ಗಂಟಲಿನದು. ಅಲ್ಲಿ ಕತ್ತರಿಸಲು, ಹಿಗ್ಗಿಸಲು ಸಾಮಾನ್ಯವಾಗಿ ಏನೂ ಇರುವುದಿಲ್ಲ. ನುಂಗುವ ತರಬೇತಿ ಕೊಡುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಯಾವುದು ಶ್ವಾಸನಾಳಕ್ಕೆ ಜಾರುತ್ತಿದೆ ಅಂತ ನೋಡುತ್ತಾರೆ. ಕೆಲವರಿಗೆ ಗದ್ದ ಎದೆಯ ಕಡೆ ಬಗ್ಗಿಸಿ ನುಂಗಿದರೆ ಅನುಕೂಲ. ಬಾಯಿಂದ ಸಾಕಾಗದೆ ತಿಂಗಳಿಗಿಂತ ಜಾಸ್ತಿ ಟ್ಯೂಬ್ ಬೇಕು ಅನ್ನಿಸಿದರೆ, ಎಂಡೋಸ್ಕೋಪಿ ಮೂಲಕ ಹೊಟ್ಟೆಗೆ ನೇರವಾಗಿ 'ಪೆಗ್' ಟ್ಯೂಬ್ ಹಾಕುತ್ತೇವೆ. ಅದರಿಂದ ಹೊಟ್ಟೆ ತುಂಬುತ್ತದೆ, ಆದರೆ ಎಂಜಲು ಶ್ವಾಸಕೋಶಕ್ಕೆ ಹೋಗುವುದು ನಿಲ್ಲುವುದಿಲ್ಲ. ಹಾಗಾಗಿ ಪೆಗ್ ಇದ್ದರೂ ದಿನಕ್ಕೆರಡು ಸಲ ಅಮ್ಮನ ಬಾಯಿ, ಹಲ್ಲು ಉಜ್ಜಿಸಿ.