ಕಡಿಮೆ ದುಡ್ಡಿರುವ ಬೇಸ್‌ಬಾಲ್ ತಂಡ ಒಳ್ಳೆ ಆಟಗಾರರನ್ನು ಹೇಗೆ ಹುಡುಕುತ್ತದೆ?

ಬೇರೆಯವರು ಯಾವ ಗುಣಕ್ಕೆ ಬೆಲೆ ಕೊಡುತ್ತಿಲ್ಲ ಅಂತ ಮೊದಲು ನೋಡಬೇಕು. 2002ರಲ್ಲಿ ಅಮೆರಿಕದ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ ಮಾಡಿದ್ದು ಅದನ್ನೇ. ಅವರ ಸಂಬಳದ ಬಜೆಟ್ ಸುಮಾರು 4 ಕೋಟಿ ಡಾಲರ್. ನ್ಯೂಯಾರ್ಕ್ ಯಾಂಕೀಸ್‌ನದು 12 ಕೋಟಿಗೂ ಜಾಸ್ತಿ.

ಆಗ ಎಲ್ಲರ ಕಣ್ಣು ಬ್ಯಾಟಿಂಗ್ ಸರಾಸರಿ ಮೇಲೆ, ಅಂದರೆ ಬ್ಯಾಟರ್ ಚೆಂಡು ಹೊಡೆದು ಎಷ್ಟು ಪಾಲು ಸಲ ಬೇಸ್ ತಲುಪುತ್ತಾನೆ ಅನ್ನುವುದರ ಮೇಲೆ. ಅದರಲ್ಲಿ ವಾಕ್ ಲೆಕ್ಕಕ್ಕೇ ಬರುವುದಿಲ್ಲ. ವಾಕ್ ಅಂದರೆ, ಪಿಚರ್ (ಚೆಂಡು ಎಸೆಯುವವನು) ನಾಲ್ಕು ಎಸೆತ ತಪ್ಪಿ ಹಾಕಿದರೆ ಬ್ಯಾಟರ್ ನಡೆದುಕೊಂಡೇ ಮೊದಲ ಬೇಸ್‌ಗೆ ಹೋಗುತ್ತಾನೆ. ಔಟ್ ಆಗದೆ ಬೇಸ್ ಸಿಕ್ಕಿತು, ತಂಡಕ್ಕೆ ಬೇಕಾದದ್ದು ಅದೇ ಅಲ್ವಾ? ಹಾಗಾಗಿ ಓಕ್ಲೆಂಡ್ ಆನ್‌-ಬೇಸ್ ಪರ್ಸೆಂಟೇಜ್ (ಔಟ್ ಆಗದೆ ಬೇಸ್ ತಲುಪುವ ಪ್ರಮಾಣ) ನೋಡಿ ಆಟಗಾರರನ್ನು ಆರಿಸಿತು.

ಹೀಗೆ ಸಿಕ್ಕವನೇ ಸ್ಕಾಟ್ ಹ್ಯಾಟೆಬರ್ಗ್, ಮೊಣಕೈ ನರದ ತೊಂದರೆಯಿಂದ ಸರಿಯಾಗಿ ಎಸೆಯಲಾಗದ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು). ಆದರೆ ಕೆಟ್ಟ ಎಸೆತಕ್ಕೆ ಸುಮ್ನೆ ಬ್ಯಾಟ್ ಬೀಸುವವನಲ್ಲ. ಎಸೆಯುವ ಕೆಲಸ ಕಡಿಮೆ ಇರುವ ಮೊದಲ ಬೇಸ್‌ನಲ್ಲಿ ಅವನನ್ನು ನಿಲ್ಲಿಸಿದರು. ಸೆಪ್ಟೆಂಬರ್ 4ರಂದು ಕಾನ್ಸಾಸ್ ಸಿಟಿ ವಿರುದ್ಧ 11-0 ಮುನ್ನಡೆ ಕೈಜಾರಿ 11-11 ಆಗಿತ್ತು. ಒಂಬತ್ತನೇ ಇನಿಂಗ್ಸ್‌ನಲ್ಲಿ ಅವನೇ ಹೋಮ್ ರನ್ ಹೊಡೆದ. ಸತತ 20ನೇ ಗೆಲುವು! ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಆದರೆ ಅಂಕಿ-ಅಂಶವೊಂದೇ ಸಾಲದು. ಹಡ್ಸನ್, ಮಲ್ಡರ್, ಜೀಟೊ ಎಂಬ ಮೂವರು ಅದ್ಭುತ ಪಿಚರ್‌ಗಳನ್ನು ತಂಡ, ಹೊಸಬರನ್ನು ಸರದಿ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲೇ ಹಿಡಿದಿತ್ತು. ಡ್ರಾಫ್ಟ್ ಹುಡುಗರಿಗೆ ಮೊದಲ ಕೆಲವು ವರ್ಷ ಸಂಬಳ ತೀರಾ ಕಡಿಮೆ.